ಒಂದು ತಾಸಿನ ಮಳೆ ಮತ್ತು ನಮ್ಮ ರಸ್ತೆಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕುಗಳು ಮಳೆಗಾಗಿ ಮುಗಿಲು ನೋಡುವ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆ ನಮ್ಮಲ್ಲಿ 600ರ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಇಂತಹ ಬಯಲುಸೀಮೆಯ ಓದುಗರಿಗೆ ಮಳೆ, ಗಾಳಿ, ಮಂಜಿನಲ್ಲಿ ವಾಹನ ನಡೆಸುವ ವಿಚಾರವನ್ನು, ಅದರಲ್ಲಿಯೂ ಆರೋಗ್ಯದ ಪುಟಗಳಲ್ಲಿ, ಬರೆಯುವ ಅಗತ್ಯವೇನಿದೆ ಎಂದು ಕೆಲವರು ಕೇಳಿಯಾರು. ಮಳೆ ಕಡಿಮೆ ಇರುವುದೇ ಅದಕ್ಕೆ ಕಾರಣ. ಮಲೆನಾಡಿನ ಚಾಲಕ ನಾಲ್ಕು ತಿಂಗಳು ಒದ್ದೆ ರಸ್ತೆಯಲ್ಲಿಯೇ ಬದುಕುತ್ತಾನೆ. ಅವನ ಕೈಕಾಲುಗಳಿಗೆ ಆ ರಸ್ತೆಯ ಗುಣ ಗೊತ್ತು. ನಮ್ಮ ಕೈಕಾಲುಗಳಿಗೆ ಆ ರೂಢಿ ಇಲ್ಲ. ವರ್ಷವೆಲ್ಲ ಒಣರಸ್ತೆಯಲ್ಲಿ ಓಡಾಡಿದ ವೇಗವನ್ನೇ ನಾವು ಮಳೆ ಬಿದ್ದ ದಿನವೂ ಹಿಡಿದಿರುತ್ತೇವೆ. ನಮ್ಮ ರಸ್ತೆಗೂ ಆ ರೂಢಿ ಇಲ್ಲ. ನೀರು ಹರಿದುಹೋಗಲು ಬದಿಯಲ್ಲಿ ಚರಂಡಿ ಇರುವುದಿಲ್ಲ, ಹತ್ತು ತಿಂಗಳು ಒಣಗಿ ಬಿದ್ದ ಹಳ್ಳಕ್ಕೆ ಎತ್ತರದ ಸೇತುವೆ ಇರುವುದಿಲ್ಲ.

ಆದರೆ ನಮ್ಮ ಮಳೆಗೆ ಒಂದು ಒಳ್ಳೆಯ ಗುಣವೂ ಇದೆ. ಅದು ಬಹುಕಾಲ ನಿಲ್ಲುವುದಿಲ್ಲ. ಬಂದರೆ ಒಂದು ತಾಸು, ಬಹಳವಾದರೆ ಎರಡು ತಾಸು. ಮಲೆನಾಡಿನವನು ಮಳೆ ನಿಲ್ಲಲಿ ಎಂದು ಕಾದರೆ ದೀಪಾವಳಿಯವರೆಗೆ ಮನೆಯಲ್ಲಿಯೇ ಕುಳಿತಿರಬೇಕಾದೀತು. ನಾವು ಕಾಯಬಲ್ಲೆವು. ಈ ಲೇಖನದಲ್ಲಿ ಚಾಲನೆಯ ಉಪಾಯಗಳನ್ನೂ ಕಾನೂನಿನ ನಿಯಮಗಳನ್ನೂ ಹಲವು ಕಡೆ ಹೇಳಲಿದ್ದೇವೆ. ಆದರೆ ಅವೆಲ್ಲಕ್ಕಿಂತ ಮೇಲಾಗಿ ನಮ್ಮ ಸೀಮೆಗೆ ಒಪ್ಪುವ ಉಪಾಯವೆಂದರೆ ಆ ಒಂದು ತಾಸು ನಿಲ್ಲುವುದು.

ದೇಶದಲ್ಲಿ 2022ನೆಯ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಜನ ಅಸುನೀಗಿದರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತ ದ್ವಿಚಕ್ರ ಸವಾರರು ಮತ್ತು ಹಿಂಬದಿ ಸವಾರರೇ 50,029 ಮಂದಿ. ಯಾವುದೇ ಸಾಂಕ್ರಾಮಿಕ ರೋಗ ವರ್ಷಕ್ಕೆ ಇಷ್ಟು ಜೀವಗಳನ್ನು ಕೊಂಡೊಯ್ದಿದ್ದರೆ ಊರೂರಿಗೆ ಲಸಿಕೆ ಬರುತ್ತಿತ್ತು. ಇದಕ್ಕೆ ಲಸಿಕೆ ಇಲ್ಲ. ಆದಕಾರಣ ಈ ವಿಚಾರ ಆರೋಗ್ಯದ ಪುಟಗಳಿಗೆ ಸಲ್ಲುವಂಥದ್ದೆಂದು ನಾವು ಭಾವಿಸಿದ್ದೇವೆ.

ನಮ್ಮ ಭಾಗದಲ್ಲಿ ಹವೆ ಕೆಡುವುದಕ್ಕೆ ಮೂರು ಕಾಲಗಳಿವೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ದಿನಗಳಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ತಿಂಗಳ ಕೊನೆಯವರೆಗೆ, ಮಧ್ಯಾಹ್ನ ಕಳೆದ ಮೇಲೆ ಬಿರುಗಾಳಿ, ಧೂಳು, ಗುಡುಗು, ಸಿಡಿಲು. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯ ಕಾಲದಲ್ಲಿ ವರ್ಷದ ಮಳೆಯ ದೊಡ್ಡ ಪಾಲು. ಹಳ್ಳಗಳು ಬರುವುದು ಆಗಲೇ. ಕಾರ್ತಿಕದಿಂದ ಮಾಘದವರೆಗೆ ನಸುಕಿನ ಮಂಜು, ಇಬ್ಬನಿ. ಇವು ಮೂರೂ ಚಾಲಕನಿಗೆ ಬೇರೆಬೇರೆ ಪರೀಕ್ಷೆಗಳು.

ಮೊದಲ ಮಳೆಯ ರಸ್ತೆ

ಬೇಸಿಗೆಯುದ್ದಕ್ಕೂ ಟಾರಿನ ಮೇಲೆ ಧೂಳು, ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ಟೈರಿನ ಪುಡಿ ಕೂಡಿಬಿದ್ದಿರುತ್ತವೆ. ಮೊದಲ ಹನಿಗಳು ಬಿದ್ದಾಗ ಇವೆಲ್ಲ ಸೇರಿ ಲೋಳೆಯಂತಾಗುತ್ತವೆ. ಜೋರು ಮಳೆ ಬಂದು ತೊಳೆದುಹೋಗುವವರೆಗಿನ ಮೊದಲ ಹದಿನೈದು ಇಪ್ಪತ್ತು ನಿಮಿಷಗಳೇ ಹೆಚ್ಚು ಜಾರುವ ಹೊತ್ತು. ‘ಇನ್ನೂ ತುಂತುರು, ಮಳೆ ಬಲಿಯುವುದರೊಳಗೆ ಊರು ಸೇರೋಣ’ ಎಂದು ಗಾಡಿಯ ಕಿವಿ ಹಿಂಡುವುದು ಆ ಹೊತ್ತಿನಲ್ಲಿಯೇ.

ಹಡಗಲಿ, ಹರಪನಹಳ್ಳಿಯ ಎರೆಭೂಮಿಯ ಕಡೆ ಇನ್ನೊಂದು ತೊಂದರೆ ಉಂಟು. ಹೊಲದಿಂದ ಹೊರಬಂದ ಟ್ರ್ಯಾಕ್ಟರ್ ತನ್ನ ಗಾಲಿಗಳಲ್ಲಿ ಎರೆಮಣ್ಣಿನ ಹೆಂಟೆಗಳನ್ನು ಹೊತ್ತು ತಂದು ಟಾರು ರಸ್ತೆಯ ಮೇಲೆ ಉದುರಿಸುತ್ತದೆ. ಒಣಗಿದಾಗ ಅದು ಕಲ್ಲು, ನೆನೆದಾಗ ಬೆಣ್ಣೆ. ಕೂಡ್ಲಿಗಿ, ಕೊಟ್ಟೂರಿನ ಮಸಾರಿ ಭೂಮಿಯ ಮಣ್ಣು ಅಷ್ಟು ಜಾರುವುದಿಲ್ಲ. ಅಲ್ಲಿ ರಸ್ತೆಯ ಅಂಚು ಕೊಚ್ಚಿಹೋಗಿ ಗುಂಡಿಯಾಗುತ್ತದೆ, ಗುಂಡಿ ನೀರು ತುಂಬಿಕೊಂಡು ಸಮರಸ್ತೆಯಂತೆ ಕಾಣುತ್ತದೆ.

ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಎದುರಿಗೆ ಎಮ್ಮೆ ಬಂದುದನ್ನು ಕಂಡು ಕಾಲು ಬ್ರೇಕನ್ನು ಮುಟ್ಟುವುದಕ್ಕೇ ಒಂದು ಸೆಕೆಂಡು ಬೇಕು. ಬ್ರೇಕ್ ಹಿಡಿದ ಮೇಲೆ ಒಣರಸ್ತೆಯಲ್ಲಿ ಸುಮಾರು 20 ಮೀಟರಿನಲ್ಲಿ ನಿಲ್ಲುವ ಕಾರು ಒದ್ದೆ ರಸ್ತೆಯಲ್ಲಿ 35 ಮೀಟರಿನವರೆಗೂ ಹೋಗುತ್ತದೆ. ಟೈರು ಸವೆದಿದ್ದರೆ ಇನ್ನೂ ಮುಂದಕ್ಕೆ. ಅದೇ ವೇಗವನ್ನು 40ಕ್ಕೆ ಇಳಿಸಿದರೆ ಒದ್ದೆ ರಸ್ತೆಯಲ್ಲಿ 16 ಮೀಟರಿನೊಳಗೆ ನಿಲ್ಲುತ್ತದೆ. ವೇಗವನ್ನು ಮೂರನೆಯ ಒಂದು ಪಾಲು ಇಳಿಸಿದರೆ ಬ್ರೇಕಿನ ದೂರ ಅರ್ಧಕ್ಕಿಂತ ಕಡಿಮೆಯಾಯಿತು. ಊರು ತಲುಪುವುದು ಹತ್ತು ನಿಮಿಷ ತಡವಾದೀತು, ಅಷ್ಟೆ.

ಮುಂದಿನ ವಾಹನದಿಂದ ಎಷ್ಟು ದೂರವಿರಬೇಕೆಂಬುದನ್ನು ಅಳೆಯಲು ಪಟ್ಟಿ ಬೇಕಿಲ್ಲ. ಮುಂದಿನ ವಾಹನ ಒಂದು ವಿದ್ಯುತ್ ಕಂಬವನ್ನು ದಾಟಿದಾಗ ಷಡಕ್ಷರಿ ಮಂತ್ರವನ್ನು ನಿಧಾನವಾಗಿ ಒಮ್ಮೆ ಹೇಳಿಕೊಂಡರೆ ಸುಮಾರು ಎರಡು ಸೆಕೆಂಡು. ಅದು ಮುಗಿಯುವ ಮೊದಲೇ ನೀವು ಆ ಕಂಬವನ್ನು ಮುಟ್ಟಿದರೆ ಬಹಳ ಹತ್ತಿರವಿದ್ದೀರಿ. ಮಳೆಯಲ್ಲಿ ಎರಡು ಬಾರಿ ಹೇಳುವಷ್ಟು ಅಂತರ ಬೇಕು. ಲಾರಿಯ ಹಿಂದೆ ಇದ್ದರೆ ಮತ್ತೂ ಒಂದು ಬಾರಿ ಸೇರಿಸಿಕೊಳ್ಳಿ. ಲಾರಿ ಎರಚುವ ಕೆಸರುನೀರು ನಿಮ್ಮ ಕಣ್ಣನ್ನೇ ಕಟ್ಟುತ್ತದೆ.

ಕೂಡ್ಲಿಗಿಯ ಮೂಲಕ ಹೊಸಪೇಟೆ, ಚಿತ್ರದುರ್ಗಗಳನ್ನು ಬೆಸೆಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಾರುಗಳು ಹೆಚ್ಚು ವೇಗದಲ್ಲಿ ಹೋಗುತ್ತವೆ. 80 ಕಿಲೋಮೀಟರ್ ಮೀರಿದ ವೇಗದಲ್ಲಿ ನಿಂತ ನೀರಿನ ಮೇಲೆ ಹಾಯ್ದರೆ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲಬಹುದು. ಆಗ ಸ್ಟೇರಿಂಗ್ ಹಗುರವಾದಂತೆ ಭಾಸವಾಗುತ್ತದೆ. ಆ ಕ್ಷಣದಲ್ಲಿ ಬ್ರೇಕ್ ತುಳಿಯಬಾರದು, ಸ್ಟೇರಿಂಗ್ ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರ ಹಿಡಿದರೆ ಟೈರು ತಾನಾಗಿ ನೆಲ ಕಚ್ಚುತ್ತದೆ. ಟೈರಿನ ಗೀರುಗಳು ನೀರನ್ನು ಹೊರದೂಡುವುದಕ್ಕಾಗಿಯೇ ಇರುವುವು. ಕಾರಿನ ಟೈರಿನಲ್ಲಿ ಆ ಗೀರು 1.6 ಮಿಲಿಮೀಟರಿಗಿಂತ ಸವೆದರೆ ಅದು ರಸ್ತೆಗೆ ಇಳಿಯಲು ಅರ್ಹವಲ್ಲ. ಗೀರುಗಳ ನಡುವೆ ಸಣ್ಣ ಉಬ್ಬೊಂದನ್ನು ಕಂಪನಿಯವರೇ ಇಟ್ಟಿರುತ್ತಾರೆ. ಟೈರು ಸವೆದು ಆ ಉಬ್ಬಿಗೆ ಸಮನಾದರೆ ಬದಲಿಸುವ ಕಾಲ ಬಂದಿತೆಂದೇ ಅರ್ಥ. ವೈಪರಿನ ರಬ್ಬರು ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಸೀಳುಬಿಡುತ್ತದೆ. ರೋಹಿಣಿ ಮಳೆಗೆ ಮುನ್ನ ಅದನ್ನು ಬದಲಿಸಿಕೊಂಡರೆ ಒಳಿತು. ವೈಪರ್ ಸುಸ್ಥಿತಿಯಲ್ಲಿರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ ಇದೆ.

ಹಳ್ಳ ಬಂದಾಗ

ಹಗರಿಬೊಮ್ಮನಹಳ್ಳಿ ತನ್ನ ಹೆಸರಿನಲ್ಲಿಯೇ ಹಗರಿಯನ್ನು ಇಟ್ಟುಕೊಂಡಿರುವ ಊರು. ಚಿಕ್ಕಹಗರಿಯೂ ಅದಕ್ಕೆ ಸೇರುವ ಹಳ್ಳಕೊಳ್ಳಗಳೂ ವರ್ಷದ ಬಹುಭಾಗ ಮರಳಿನ ಹಾಸುಗಳಂತೆ ಬಿದ್ದಿರುತ್ತವೆ. ಮಕ್ಕಳು ಅಲ್ಲಿ ಆಡುತ್ತಾರೆ, ಕುರಿಗಳು ಅಲ್ಲಿ ಮಲಗುತ್ತವೆ. ಆದ್ದರಿಂದಲೇ ಹಳ್ಳದ ಬಗ್ಗೆ ನಮಗೆ ಭಯವಿಲ್ಲ. ಅದು ನಮ್ಮ ಮನೆಯ ಅಂಗಳದಷ್ಟೇ ಪರಿಚಿತ.

ಹಳ್ಳ ಬರುವುದು ನಮ್ಮ ಊರಿನ ಮಳೆಯಿಂದಲೇ ಆಗಬೇಕೆಂದಿಲ್ಲ. ಮೇಲಿನ ಸೀಮೆಯಲ್ಲಿ, ಗುಡ್ಡಗಳ ಸಾಲಿನಲ್ಲಿ, ಕೂಡ್ಲಿಗಿಯ ಬೋಳುಬಂಡೆಗಳ ಮೇಲೆ ಒಂದು ತಾಸು ಜಡಿದ ಮಳೆ ಎಲ್ಲಿಯೂ ಇಂಗದೆ ಒಟ್ಟಾಗಿ ಇಳಿದುಬರುತ್ತದೆ. ತಲೆಯ ಮೇಲೆ ನಕ್ಷತ್ರಗಳು ಕಾಣುವಾಗಲೇ ಹಳ್ಳ ತುಂಬಿ ಬಂದುದುಂಟು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವೆಲ್ಲ ನೀರಾದಾಗ, ಬರದ ನಾಡೆಂದು ಹೆಸರಾದ ನಾವೂ ಹಳ್ಳದ ಇನ್ನೊಂದು ಮುಖವನ್ನು ಕಂಡೆವು.

ಹರಿಯುವ ನೀರು ಹದಿನೈದು ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತಲೂ ಕಡಿಮೆ ಇದ್ದರೂ ನಡೆಯುವ ಮನುಷ್ಯನ ಕಾಲನ್ನು ಕೀಳಬಲ್ಲದು. ಮೂವತ್ತು ಸೆಂಟಿಮೀಟರ್ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಅರವತ್ತು ಸೆಂಟಿಮೀಟರ್ ನೀರಿನ ಸೆಳೆತಕ್ಕೆ ಬಹುಪಾಲು ವಾಹನಗಳು ಕೊಚ್ಚಿಹೋಗುತ್ತವೆ. ‘ಮೊಳಕಾಲುದ್ದದ ನೀರು’ ಎಂದು ನಾವು ಹಗುರವಾಗಿ ಹೇಳುವುದು ಈ ಲೆಕ್ಕದಲ್ಲಿ ಪ್ರಾಣಾಂತಕ. ವಾಹನದ ಭಾರ ಅದನ್ನು ನೆಲಕ್ಕೆ ಹಿಡಿದಿಡುತ್ತದೆಂಬುದು ಒಣನೆಲದ ತರ್ಕ. ನೀರಿನಲ್ಲಿ ದೊಡ್ಡ ಒಡಲು ಎಂದರೆ ಪ್ರವಾಹಕ್ಕೆ ತಳ್ಳಲು ದೊರೆತ ದೊಡ್ಡ ಗೋಡೆ. ಟ್ರ್ಯಾಕ್ಟರ್ ದಾಟಿತೆಂದು ಹಿಂದೆಯೇ ಬೈಕನ್ನು ಇಳಿಸುವವರಿದ್ದಾರೆ. ಟ್ರ್ಯಾಕ್ಟರಿನ ಹಿಂದಿನ ಗಾಲಿ ಆಳೆತ್ತರವಿರುತ್ತದೆ, ಬೈಕಿನದು ಮಂಡಿಯೆತ್ತರ. ಅಲ್ಲದೆ ಟ್ರ್ಯಾಕ್ಟರ್ ಎಂಜಿನ್ ದಾಟಿದರೂ ಹಿಂದಿನ ಟ್ರ್ಯಾಲಿ ಹಗುರವಾಗಿ ತೇಲಿ ಇಡೀ ವಾಹನವನ್ನು ಎಳೆದುಕೊಂಡು ಹೋಗಬಹುದು. ಅದರಲ್ಲಿ ಕುಳಿತವರು ಸಾಮಾನ್ಯವಾಗಿ ಕೂಲಿಗೆ ಹೊರಟ ಹೆಣ್ಣುಮಕ್ಕಳು.

ಕಾಣದಿರುವುದು ಇನ್ನೊಂದಿದೆ. ಕೆಂಪುನೀರಿನ ಕೆಳಗೆ ರಸ್ತೆ ಇನ್ನೂ ಇದೆಯೇ ಎಂಬುದು ದಡದಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ತಗ್ಗುಸೇತುವೆಯ ಅಂಚಿನ ಕಲ್ಲುಗಳು ಮುಳುಗಿದ್ದರೆ ದಾಟಬಾರದು. ನೀರು ಸೇತುವೆಯ ಮೇಲೆ ಹರಿಯುತ್ತಿದ್ದರೆ ರಾತ್ರಿ ಹೊತ್ತಂತೂ ಯಾವ ಕಾರಣಕ್ಕೂ ದಾಟಬಾರದು. ಬಸ್ಸಿನಲ್ಲಿರುವಾಗ ಚಾಲಕ ನಿಲ್ಲಿಸಿದರೆ ‘ಹೋಗಪ್ಪಾ, ಏನಾಗಲ್ಲ’ ಎಂದು ಹಿಂದಿನಿಂದ ಒತ್ತಾಯಿಸುವ ಪ್ರಯಾಣಿಕರನ್ನು ಪ್ರತಿ ಮಳೆಗಾಲದಲ್ಲಿಯೂ ಕಾಣುತ್ತೇವೆ. ನಿಲ್ಲಿಸಿದ ಚಾಲಕನಿಗೆ ನಾವು ಕೃತಜ್ಞರಾಗಿರಬೇಕು. ನಮ್ಮ ಹಳ್ಳಗಳು ಬಂದಷ್ಟೇ ಬೇಗ ಇಳಿಯುವುವು. ಹಲವು ವೇಳೆ ಎರಡು ಮೂರು ತಾಸಿನಲ್ಲಿ ರಸ್ತೆ ಮತ್ತೆ ಕಾಣುತ್ತದೆ.

ನಿಂತ ನೀರಿನಲ್ಲಿ ಎಂಜಿನ್ ಆರಿಹೋದರೆ ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ಒಳಹೊಕ್ಕ ನೀರು ಎಂಜಿನ್ನಿನ ಭಾಗಗಳನ್ನು ಮುರಿಯುತ್ತದೆ, ಆ ಹಾನಿಯನ್ನು ಸಾಧಾರಣ ವಿಮೆ ಭರಿಸುವುದಿಲ್ಲ. ಹರಿಯುವ ನೀರಿನಲ್ಲಿ ಕಾರು ಸಿಲುಕಿದರೆ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮೊದಲು ಮಕ್ಕಳನ್ನು ಹೊರಗೆ ಕಳಿಸಬೇಕು. ಬಾಗಿಲು ತೆರೆಯಲು ಹೆಣಗುತ್ತ ಹೊತ್ತು ಕಳೆಯಬಾರದು. ಸಾಮಾನಿನ ಆಸೆ ಬಿಡಬೇಕು.

ಇಲ್ಲಿ ನಮ್ಮ ಪಂಚಾಯಿತಿಗಳಿಗೂ ಒಂದು ಮಾತು. ಪ್ರತಿ ತಗ್ಗುಸೇತುವೆಯ ಎರಡೂ ಬದಿ ಕೆಂಪು ಬಿಳಿ ಬಣ್ಣದ, ಅಳತೆಯ ಗೆರೆ ಎಳೆದ ಕಂಬವೊಂದನ್ನು ನೆಟ್ಟರೆ ಖರ್ಚು ಹೆಚ್ಚೇನೂ ಆಗದು. ಸ್ವಾಗತ ಕಮಾನುಗಳಿಗೆ ಸುರಿಯುವ ಸಿಮೆಂಟಿನಲ್ಲಿ ಹತ್ತಾರು ಅಂಥ ಕಂಬಗಳಾಗುತ್ತವೆ.

ರಸ್ತೆಯೇ ಕಣವಾದಾಗ

ಹಸ್ತ, ಚಿತ್ತೆಯ ಮಳೆ ಕಳೆದು ಸುಗ್ಗಿ ಬಂದಿತೆಂದರೆ ನಮ್ಮ ಟಾರು ರಸ್ತೆಗಳು ಕಣಗಳಾಗುತ್ತವೆ. ಹಡಗಲಿ, ಹರಪನಹಳ್ಳಿಯ ಕಡೆ ಮೆಕ್ಕೆಜೋಳ ಹರಡುತ್ತಾರೆ. ಕೂಡ್ಲಿಗಿ, ಕೊಟ್ಟೂರಿನ ಕಡೆ ರಾಗಿ, ಸಜ್ಜೆ, ನವಣೆ, ಹುರುಳಿಯ ಕಟ್ಟುಗಳನ್ನು ಹಾಸಿ ವಾಹನಗಳೇ ತುಳಿದು ಒಕ್ಕಲಿ ಎಂದು ಬಿಡುತ್ತಾರೆ. ರೈತನನ್ನು ದೂರುವುದು ಸುಲಭ. ಹಿಂದೆ ಸಗಣಿ ಸಾರಿಸಿದ ಕಣ ಮನೆಮನೆಗೂ ಇತ್ತು, ರೋಣಗಲ್ಲು ಇತ್ತು, ಎತ್ತುಗಳಿದ್ದವು, ಕೂಡಿ ದುಡಿಯುವ ಕೈಗಳಿದ್ದವು. ಇಂದು ಅವು ಯಾವುವೂ ಇಲ್ಲದ ಸಣ್ಣ ಹಿಡುವಳಿದಾರನಿಗೆ ಕಲ್ಲುಮಣ್ಣಿಲ್ಲದ ಸಮತಲವಾದ ಜಾಗವೆಂದರೆ ಸರ್ಕಾರದ ರಸ್ತೆಯೊಂದೇ. ಇದು ತಿಳಿದಿದ್ದೂ ನಾವು ಹೇಳಲೇಬೇಕಾಗಿದೆ: ಈ ರೂಢಿ ಪ್ರಾಣಗಳನ್ನು ತೆಗೆಯುತ್ತಿದೆ.

ಒಣಹುಲ್ಲಿನ ಮೇಲೆ ದ್ವಿಚಕ್ರ ವಾಹನದ ಬ್ರೇಕ್ ಅರೆಬರೆ ಹಿಡಿಯುತ್ತದೆ. ಇಬ್ಬನಿಗೋ ತುಂತುರಿಗೋ ನೆನೆದ ಹೊಟ್ಟಿನ ಮೇಲೆ ಹಿಡಿಯುವುದೇ ಇಲ್ಲ. ಹುರುಳಿಯ ಬಳ್ಳಿ ಕಾರಿನ ಅಡಿಯ ತಿರುಗುವ ಭಾಗಗಳಿಗೆ ಸುತ್ತಿಕೊಂಡು, ಬಿಸಿ ಹೊಗೆಕೊಳವೆಗೆ ತಾಗಿ ಬೆಂಕಿ ಹತ್ತುವ ಅಪಾಯವೂ ಇದೆ. ಹೊಟ್ಟಿನ ಮೇಲೆ ಹಾಯ್ದ ಬಳಿಕ ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ ಎಲ್ಲರೂ ಇಳಿಯಬೇಕು. ಎಲ್ಲಕ್ಕಿಂತ ಕೆಟ್ಟದ್ದು ಸಂಜೆಯ ರಾಶಿ. ಕಾಳನ್ನು ರಸ್ತೆಯ ಅರ್ಧಕ್ಕೆ ಗುಡ್ಡೆಮಾಡಿ, ಕಪ್ಪು ತಾಡಪಾಲು ಹೊದಿಸಿ, ಗಾಳಿಗೆ ಹಾರದಂತೆ ಸುತ್ತ ದಪ್ಪ ಕಲ್ಲುಗಳನ್ನು ಇಟ್ಟು ಮನೆಗೆ ಹೋಗುತ್ತಾರೆ. ಕಪ್ಪು ರಸ್ತೆಯ ಮೇಲಿನ ಆ ಕಪ್ಪು ಗುಡ್ಡೆ ಮಂಜು ಮುಸುಕಿದ ನಸುಕಿನಲ್ಲಿ ಹತ್ತು ಮಾರು ದೂರದಿಂದಲೂ ಕಾಣದು. ಮಲ್ಲಿಗೆಯ ಗಂಟು ಕಟ್ಟಿಕೊಂಡು ಹಡಗಲಿಯಿಂದ ನಸುಕಿಗೇ ಹೊರಟವನೋ, ಹಾಲಿನ ಕ್ಯಾನ್ ಹೊತ್ತವನೋ ಅದಕ್ಕೆ ತಾಗಿ ಬೀಳುತ್ತಾನೆ. ರಾಶಿ ಎತ್ತಿದ ಮೇಲೂ ಕಲ್ಲುಗಳನ್ನು ಅಲ್ಲಿಯೇ ಬಿಟ್ಟುಹೋಗುವುದುಂಟು. ಆ ಕಲ್ಲಿಗೆ ಬಡತನದ ನೆಪವಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡಚಣೆ ಉಂಟುಮಾಡುವುದು 5,000 ರೂಪಾಯಿಯವರೆಗೆ ದಂಡಕ್ಕೆ ಗುರಿಯಾಗುವ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಇದು 200 ರೂಪಾಯಿಯಷ್ಟೇ ಇತ್ತು. ಉದ್ಯೋಗ ಖಾತ್ರಿಯಡಿ ರೈತರಿಗೆ ಒಕ್ಕಣೆ ಕಣಗಳನ್ನು ಕಟ್ಟಿಸಿಕೊಟ್ಟ ಪಂಚಾಯಿತಿಗಳಿವೆ. ಹತ್ತು ಮನೆಗೊಂದು ಕಣವಾದರೂ ಸಾಕು. ಊರಿನ ದೇವಸ್ಥಾನಗಳ, ಮಠಗಳ, ಶಾಲೆಗಳ ಬಯಲನ್ನು ಸುಗ್ಗಿಯ ಹದಿನೈದು ದಿನ ಕಾಳು ಒಣಗಿಸಲು ಬಿಟ್ಟುಕೊಡುವುದನ್ನು ಊರ ಹಿರಿಯರು ಕುಳಿತು ಯೋಚಿಸಬಹುದು. ಅದೂ ಒಂದು ದಾಸೋಹವೇ.

ಎರಡು ಚಕ್ರಗಳ ಮೇಲೆ

ನಮ್ಮ ಹಳ್ಳಿಗಳ ಮುಖ್ಯ ವಾಹನ ಬೈಕು. ಮಳೆ ಬಂದಾಗ ಅದರ ಮೇಲೆ ಕಾಣುವ ನೋಟಗಳು ಓದುಗರಿಗೆ ಹೊಸವಲ್ಲ. ಹಿಂದೆ ಕುಳಿತವರು ಕೊಡೆ ಬಿಚ್ಚುತ್ತಾರೆ. ಬಯಲುಗಾಳಿ ಆ ಕೊಡೆಯನ್ನು ಹಾಯಿಯಂತೆ ಹಿಡಿದು ಗಾಡಿಯನ್ನೇ ಬದಿಗೆ ಎಳೆಯುತ್ತದೆ. ಸವಾರ ತಲೆಯ ಮೇಲೆ ಪ್ಲಾಸ್ಟಿಕ್ ಚೀಲದ ಕೊಪ್ಪೆ ಹಾಕಿಕೊಳ್ಳುತ್ತಾನೆ. ಎಡಬಲ ಕಾಣದು, ಹಿಂದಿನ ಹಾರನ್ ಕೇಳದು. ಸೀರೆಯ ಸೆರಗೋ ಮಳೆಯಂಗಿಯ ಅಂಚೋ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹಿಂಬದಿಯ ಚಕ್ರದ ಅರ್ಧವನ್ನಾದರೂ ಮುಚ್ಚುವ ಸೀರೆಗಾರ್ಡು, ಹಿಡಿಕೆ, ಕಾಲಿಡುವ ಮೆಟ್ಟು ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಚೆಂದಕ್ಕೆಂದು ಅದನ್ನು ಬಿಚ್ಚಿಸಿ ಮೂಲೆಗಿಡುವ ತರುಣರು ಹಿಂದೆ ತಾಯಿಯನ್ನು ಕೂರಿಸಿಕೊಳ್ಳುವಾಗಲಾದರೂ ಅದನ್ನು ನೆನೆಯಬೇಕು.

ಹೆಲ್ಮೆಟ್ ತಲೆಯ ಪೆಟ್ಟಿನ ಸಂಭವವನ್ನು ಸುಮಾರು ಶೇಕಡಾ 70ರಷ್ಟು, ಸಾವಿನ ಸಂಭವವನ್ನು ಸುಮಾರು ಶೇಕಡಾ 40ರಷ್ಟು ತಗ್ಗಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡಿದ್ದಾರೆ. ಸವಾರನಿಗೂ ಹಿಂಬದಿಯವರಿಗೂ ಅದು ಕಡ್ಡಾಯ; ನಮ್ಮ ರಾಜ್ಯದಲ್ಲಿ ಧರಿಸದಿದ್ದರೆ 500 ರೂಪಾಯಿ ದಂಡ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ಟಿನೊಡನೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿಯೂ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು. 2023ರ ಫೆಬ್ರುವರಿಯಿಂದ ಈ ನಿಯಮವಿದೆ. ಮಳೆಯಲ್ಲಿ ಮುಂದಿನ ಬ್ರೇಕನ್ನು ಹಠಾತ್ತನೆ ಹಿಂಡುವುದೂ ಹಿಂದಿನದನ್ನು ಒಂದೇ ಸಲ ತುಳಿಯುವುದೂ ಗಾಡಿಯನ್ನು ಮಲಗಿಸುತ್ತವೆ. ಮೊದಲು ಆಕ್ಸಿಲರೇಟರ್ ಬಿಟ್ಟು, ಎರಡೂ ಬ್ರೇಕನ್ನು ಮೆಲ್ಲಮೆಲ್ಲನೆ ಒತ್ತಬೇಕು. ಗಾಡಿ ಓಲಿರುವ ತಿರುವಿನಲ್ಲಿ ಬ್ರೇಕ್ ಬೇಡ. ತಿರುವಿಗೆ ಮೊದಲೇ ನಿಧಾನಿಸಬೇಕು. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಅದರ ಮರೆಯಿಂದ ಹೊರಬಂದ ಕ್ಷಣ ಅಡ್ಡಗಾಳಿ ಒಮ್ಮೆಲೇ ತಳ್ಳುತ್ತದೆ. ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ಎದ್ದಿರುವ ಸೀಮೆ ನಮ್ಮದು. ಗಾಳಿಯ ಬಲವನ್ನು ನಮಗೆ ಬೇರೆಯವರು ಹೇಳಬೇಕಿಲ್ಲ.

ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಡುವ ತಂದೆ ಇದೊಂದನ್ನು ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 199-ಎ ಕಲಮಿನಂತೆ ಆ ಹುಡುಗ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ; ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು; ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ.

ಸಿಡಿಲಿನ ಹೊತ್ತು

ಬೈಕಿನವರು ಗುಡುಗುಮಳೆಗೆ ಸಿಕ್ಕರೆ ರಸ್ತೆಬದಿಯ ಹುಣಸೆಮರದ ಕೆಳಗೆ ನಿಲ್ಲುವುದು ನಮ್ಮಲ್ಲಿ ಸಹಜ. ಅದು ಅತ್ಯಂತ ಅಪಾಯದ ಜಾಗ. ಒಂಟಿಮರ, ವಿದ್ಯುತ್ ಕಂಬ, ತಂತಿಬೇಲಿಗಳಿಂದ ದೂರ ಸರಿದು ಪಕ್ಕಾ ಛಾವಣಿಯ ಕಟ್ಟಡವನ್ನು ಸೇರಬೇಕು: ಶಾಲೆ, ಗುಡಿ, ಪೆಟ್ರೋಲ್ ಬಂಕಿನ ಕಚೇರಿಯ ಕೋಣೆ. ಗಾಜು ಏರಿಸಿದ, ಲೋಹದ ಮಾಡಿನ ಕಾರು ಅಥವಾ ಬಸ್ಸು ಕೂಡ ಸುರಕ್ಷಿತ. ಸಿಡಿಲು ಹೊರಮೈಯ ಲೋಹದ ಮೂಲಕವೇ ನೆಲಕ್ಕಿಳಿಯುತ್ತದೆ. ಬೈಕು, ತೆರೆದ ಟ್ರ್ಯಾಕ್ಟರ್ ಯಾವ ರಕ್ಷಣೆಯನ್ನೂ ಕೊಡವು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಡಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಎಂಬ ಮೊಬೈಲ್ ಆ್ಯಪ್‌ಗಳು ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತವೆ. ಹವಾಮಾನ ಇಲಾಖೆಯ ‘ಯೆಲ್ಲೋ ಅಲರ್ಟ್’ ಎಂದರೆ ಸಣ್ಣದೆಂದು ತಿಳಿಯಬಾರದು. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟುವ ಮಳೆಗೂ ಆ ಬಣ್ಣವೇ. ಅದು ನಮ್ಮ ಇಡೀ ವರ್ಷದ ಮಳೆಯ ಹತ್ತನೆಯ ಒಂದು ಪಾಲು.

ಮಂಜು, ದೀಪ ಮತ್ತು ಪಾದಯಾತ್ರಿಕರು

ಸೂರ್ಯಾಸ್ತದ ಅರ್ಧ ತಾಸಿನ ನಂತರದಿಂದ ಸೂರ್ಯೋದಯದ ಅರ್ಧ ತಾಸು ಮುಂಚಿನವರೆಗೆ, ಹಾಗೂ ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲಿ, 155 ಮೀಟರ್ ಮುಂದಿನ ಮನುಷ್ಯರೂ ವಾಹನಗಳೂ ಸ್ಪಷ್ಟವಾಗಿ ಕಾಣುವಂತೆ ದೀಪ ಉರಿಸಬೇಕೆಂಬುದು ನಿಯಮ 105. ‘ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತು’ ಎಂಬ ಮಾತಿನಲ್ಲಿ ಹಗಲಿನ ಮಳೆ, ಮಂಜು, ಧೂಳುಗಾಳಿ ಎಲ್ಲವೂ ಸೇರಿವೆ. ದೀಪ ನಿಮಗೆ ಕಾಣಲೆಂದು ಮಾತ್ರ ಇರುವುದಲ್ಲ, ನೀವು ಇತರರಿಗೆ ಕಾಣಲೆಂದೂ ಇದೆ. ಮಂಜಿನಲ್ಲಿ ಎತ್ತರದ ಬೆಳಕು ಹಾಕಿದರೆ ಅದು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ತಗ್ಗಿಸಿದ ಬೆಳಕೇ ಸರಿ. ಓಡುವ ವಾಹನದ ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುತ್ತ ಹೋದರೆ ನೀವು ಎಡಕ್ಕೋ ಬಲಕ್ಕೋ ತಿಳಿಯದೆ ಹಿಂದಿನವನು ಗೊಂದಲಕ್ಕೆ ಬೀಳುತ್ತಾನೆ. ಅವು ಕೆಟ್ಟುನಿಂತ ವಾಹನಕ್ಕೆ. ಕಬ್ಬು, ಮೇವು ತುಂಬಿದ ಟ್ರ್ಯಾಲಿಗಳ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಇಲ್ಲದಿರುವುದು ನಮ್ಮ ಸೀಮೆಯ ದೊಡ್ಡ ಪಿಡುಗು. ಕೆಲವೇ ರೂಪಾಯಿಯ ಆ ಪಟ್ಟಿಯನ್ನು ಅಂಟಿಸಿ, ಕೆಸರು ಬಿದ್ದಾಗ ಒರೆಸಿಕೊಳ್ಳುವುದು ಟ್ರ್ಯಾಕ್ಟರ್ ಒಡೆಯನ ಕೆಲಸ.

ಮಾಘದಲ್ಲಿ ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ದಾವಣಗೆರೆಯಿಂದಲೂ ಸುತ್ತಲಿನ ಜಿಲ್ಲೆಗಳಿಂದಲೂ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಅದೇ ಸುಮಾರಿಗೆ ಮೈಲಾರದ ಕಾರಣಿಕಕ್ಕೆ ಎತ್ತಿನ ಬಂಡಿಗಳು ಹೊರಡುತ್ತವೆ. ಬಿಸಿಲಿಗೆ ಹೆದರಿ ರಾತ್ರಿಯೇ ನಡೆಯುವವರು ಹೆಚ್ಚು. ಇಬ್ಬನಿಯಲ್ಲಿ, ನಿದ್ದೆಗಣ್ಣಿನಲ್ಲಿ, ಕಪ್ಪು ಕಂಬಳಿ ಹೊದ್ದು ನಡೆಯುವ ಮನುಷ್ಯ ಚಾಲಕನಿಗೆ ಕಾಣುವುದು ಕೊನೆಯ ಗಳಿಗೆಯಲ್ಲಿ. ಪಾದಯಾತ್ರಿಕರು ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರಾಗಿ ನಡೆಯಬೇಕು. ಬಿಳಿ ವಸ್ತ್ರ ಧರಿಸಿ, ತಂಡದ ಮೊದಲನೆಯವರೂ ಕೊನೆಯವರೂ ಬ್ಯಾಟರಿ ಹಿಡಿದಿದ್ದರೆ ಉತ್ತಮ. ಬಂಡಿಯ ಹಿಂದೆ, ಎತ್ತಿನ ಕೊಂಬಿಗೆ ಪ್ರತಿಫಲಕ ಪಟ್ಟಿ ಇರಲಿ. ದಾರಿಯಲ್ಲಿ ನೀರು, ಮಜ್ಜಿಗೆ, ಹಣ್ಣು ಕೊಡುವ ಸೇವಾರ್ಥಿಗಳು ಚಪ್ಪರವನ್ನು ಟಾರಿನಿಂದ ದೂರಕ್ಕೆ ಹಾಕಿದರೆ ಜನ ರಸ್ತೆಯ ಮೇಲೆ ಗುಂಪುಗೂಡುವುದಿಲ್ಲ.

ದೇಹದ ಸ್ಥಿತಿ

ವಾಹನದ ಸ್ಥಿತಿಯಷ್ಟೇ ಚಾಲಕನ ದೇಹದ ಸ್ಥಿತಿಯೂ ಮುಖ್ಯ. ಮಳೆಗಾಲದ ನೆಗಡಿ, ತುರಿಕೆಗೆ ನುಂಗುವ ಕ್ಲೋರ್‌ಫೆನಿರಮಿನ್, ಸೆಟಿರಿಜಿನ್‌ನಂತಹ ಮಾತ್ರೆಗಳು ಮಂಪರು ತರುತ್ತವೆ. ನುಂಗಿದ ದಿನ ಚಾಲನೆ ಬೇಡ. ಕಣ್ಣಿನ ಪೊರೆ ಮೂಡುತ್ತಿರುವ ಹಿರಿಯರಿಗೆ ಒದ್ದೆ ರಸ್ತೆಯಲ್ಲಿ ಎದುರಿನ ಬೆಳಕು ಒಡೆದು ನಕ್ಷತ್ರದಂತೆ ಹರಡುತ್ತದೆ. ರಾತ್ರಿ ಚಾಲನೆಯನ್ನು ಬಿಟ್ಟು, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಮಳೆಯಿಂದ ದಾರಿಯಲ್ಲಿ ನಿಲ್ಲಬೇಕಾಗಿ ಬಂದೀತೆಂದು ತಿನ್ನಲು ಏನನ್ನಾದರೂ ಇಟ್ಟುಕೊಂಡಿರಬೇಕು. ನೆನೆದ ಬಟ್ಟೆಯಲ್ಲಿ ಗಾಳಿಗೊಡ್ಡಿ ಓಡಿಸಿದರೆ ಬೆರಳುಗಳು ಜಡವಾಗಿ ಬ್ರೇಕ್ ಹಿಡಿಯುವುದು ನಿಧಾನವಾಗುತ್ತದೆ. ನಡುರಾತ್ರಿ ಎರಡರಿಂದ ಐದರವರೆಗೆ ದೇಹ ತಾನಾಗಿ ನಿದ್ದೆಗೆ ಎಳೆಯುವ ಹೊತ್ತು. ಚಹಾ ಅದನ್ನು ಸ್ವಲ್ಪ ಮುಂದೂಡುತ್ತದೆ, ನೀಗುವುದಿಲ್ಲ.

ಕಾನೂನು ಮಳೆಯ ನೆಪವನ್ನು ಒಪ್ಪದು

‘ಮಳೆ ಇತ್ತು, ಜಾರಿತು’ ಎಂಬುದು ನ್ಯಾಯಾಲಯದಲ್ಲಿ ಉತ್ತರವಲ್ಲ. ಮಳೆ ಇದ್ದುದರಿಂದಲೇ ನಿಧಾನ ಹೋಗುವ ಹೊಣೆ ಚಾಲಕನ ಮೇಲಿತ್ತು. ಫಲಕದಲ್ಲಿ ಬರೆದ ವೇಗ ಒಳ್ಳೆಯ ಹವೆಗೆ ಹಾಕಿದ ಗರಿಷ್ಠ ಮಿತಿ. ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದರೆ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆವಾಸವಿದೆ.

ವಿಮೆಯ ವಿಚಾರ ಇನ್ನೂ ಕಠಿಣ. ಕೂಲಿಯವರನ್ನು ಟಂಟಂ, ಟ್ರ್ಯಾಲಿಗಳಲ್ಲಿ ತುಂಬಿಕೊಂಡು ಈರುಳ್ಳಿ, ಶೇಂಗಾ ಕೀಳಲು ಹೋಗುವುದು ನಮ್ಮಲ್ಲಿ ನಿತ್ಯದ ನೋಟ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗಿಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಲೈಸೆನ್ಸ್ ಇಲ್ಲದವನು ಚಲಾಯಿಸಿದ್ದರೆ ಕಂಪನಿ ಸಂತ್ರಸ್ತರಿಗೆ ಕೊಟ್ಟ ಹಣವನ್ನು ಒಡೆಯನಿಂದ ವಸೂಲು ಮಾಡಬಹುದೆಂದು 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಿಂದ ರೂಢಿಯಾಗಿದೆ. ಒಂದು ಮಳೆಯ ಸಂಜೆಯ ಅಪಘಾತ ಸತ್ತವರ ಮನೆಯನ್ನೂ ವಾಹನದ ಒಡೆಯನ ಹೊಲವನ್ನೂ ಒಟ್ಟಿಗೇ ನುಂಗುತ್ತದೆ.

ಅಪಘಾತ ಕಂಡಾಗ

ಗಾಯವಾದ ನಂತರದ ಮೊದಲ ಒಂದು ತಾಸನ್ನು ಕಾಯ್ದೆಯೇ ಸುವರ್ಣ ತಾಸು ಎಂದು ಗುರುತಿಸಿದೆ. ಮೈಲಾರದ ಕಡೆಯ ಹಳ್ಳಿಯಿಂದ ಮಿದುಳಿನ ಶಸ್ತ್ರಚಿಕಿತ್ಸೆಯ ಆಸ್ಪತ್ರೆ ಮುಟ್ಟಲು ಒಂದು ತಾಸು ಸಾಲದು. ಹಾಗಾಗಿ ಮೊದಲ ಹತ್ತು ನಿಮಿಷ ರಸ್ತೆಯಲ್ಲಿದ್ದವರ ಕೈಯಲ್ಲಿದೆ. ‘ಪೊಲೀಸು, ಸಾಕ್ಷಿ’ ಎಂಬ ಭಯಕ್ಕೆ ಈಗ ಆಧಾರವಿಲ್ಲ. ಕರ್ನಾಟಕದ 2016ರ ಜೀವರಕ್ಷಕರ ಕಾಯ್ದೆ, ಕೇಂದ್ರ ಕಾಯ್ದೆಯ 134-ಎ ಕಲಮು ಎರಡೂ ನೆರವಾದವರನ್ನು ರಕ್ಷಿಸುತ್ತವೆ. ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಾಗಿದೆ. ಗುರುತು ಸಿಗದ ವಾಹನ ಗುದ್ದಿ ಓಡಿಹೋದರೂ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ ಕೇಳಬಹುದು.

ಮೊದಲು ನಿಮ್ಮ ವಾಹನವನ್ನು ಬದಿಗೆ ಹಾಕಿ, ಮಳೆಯಲ್ಲಿ ಹಿಂದಿನವರು ಮತ್ತೆ ಬಂದು ಗುದ್ದದಂತೆ ಐವತ್ತು ಹೆಜ್ಜೆ ಹಿಂದೆ ಒಬ್ಬರನ್ನು ಬ್ಯಾಟರಿಯೊಡನೆ ನಿಲ್ಲಿಸಿ. 108ಕ್ಕೋ 112ಕ್ಕೋ ಕರೆಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಊರಿನ ಹೆಸರಿನೊಡನೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಹೇಳಿ. ರಕ್ತ ಸುರಿಯುವ ಕಡೆ ಒಗೆದ ಟವೆಲಿನಿಂದ ಬಲವಾಗಿ ಒತ್ತಿಹಿಡಿಯಿರಿ. ಅರಿಸಿನ, ಕಾಫಿಪುಡಿ ಹಾಕಬೇಡಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹನಿಸುವುದು ನಮ್ಮವರ ಅಂತಃಕರಣದ ರೂಢಿ. ಆದರೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಕೊಡಬಾರದು. ವಾಂತಿಯಾದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಮೂರು ನಾಲ್ಕು ಜನ ಹಿಡಿದು ಮಗ್ಗುಲಾಗಿಸಿ. ಕೈಕಾಲು ಹಿಡಿದು ಮಡಚಿ ಆಟೋದಲ್ಲಿ ತುರುಕಿದರೆ ಬೆನ್ನುಹುರಿ ಶಾಶ್ವತವಾಗಿ ಕೆಡಬಹುದು. ಆಂಬುಲೆನ್ಸ್ ಬಾರದಿದ್ದರೆ ಬಾಗಿಲೋ ಹಲಗೆಯೋ ಹಾಕಿ ಮಲಗಿಸಿಯೇ ಸಾಗಿಸಿ. ಒದ್ದೆ ಬಟ್ಟೆಯ ಮೇಲೆ ಒಣ ಕಂಬಳಿ ಹೊದಿಸಿ, ಚಳಿಗೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಬಿದ್ದವರು ಎದ್ದು ನಡೆದು ‘ಏನೂ ಆಗಿಲ್ಲ’ ಎಂದು ಮನೆಗೆ ಹೋದರೂ ಒಂದು ದಿನ, ಒಂದು ರಾತ್ರಿ ಅವರ ಮೇಲೆ ಕಣ್ಣಿರಲಿ. ಮೇಲಿಂದ ಮೇಲೆ ವಾಂತಿ, ತೀರದ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ತೊದಲು ಮಾತು, ಕಿವಿ ಮೂಗಿನಿಂದ ನೀರಿನಂಥ ಸ್ರಾವ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.